ಎತ್ತಿಗೆ ಕೊಟ್ಟ ಮದ್ದು ಹದ್ದಿಗೆ ವಿಷವಾದ ಕಥೆ



ಚರಿತ್ರೆ ಎಂದ ಕೂಡಲೆ ಕೆರೂರ, ಬಾದಾಮಿ, ಹುನಗುಂದ, ಇಳಕಲ್ಲ ಸೀಮೆಯ ಮಂದಿಗೆ ಚಾಲುಕ್ಯರ ನೆನಪು ಬರುವುದು ಸಹಜ. ಬಾದಾಮಿಯ ಗುಹೆಗಳು, ಐಹೊಳೆಯ ಗುಡಿಗಳು ನಿಮ್ಮ ಮನೆಯ ಅಂಗಳದಲ್ಲಿ ಇದ್ದಂತೆಯೇ ಇವೆ. ಈ ಹೊತ್ತು ಹೇಳಲಿರುವ ಚರಿತ್ರೆ ಅಷ್ಟು ಹಳೆಯದಲ್ಲ. ಅದು ನಡೆದು ಮೂವತ್ತು ವರ್ಷದ ಮೇಲೆ ಸ್ವಲ್ಪ ಆಗಿರಬಹುದು, ಅಷ್ಟೇ. ಅದು ನಡೆದದ್ದು ಅರಮನೆಯಲ್ಲಿ ಅಲ್ಲ, ದನದ ಕೊಟ್ಟಿಗೆಯಲ್ಲಿ. ಅದರಲ್ಲಿ ನಿಮ್ಮ ಪಾಲೂ ಇದೆ, ನಿಮ್ಮ ನೆರೆಯವರ ಪಾಲೂ ಇದೆ. ಆದುದರಿಂದ ಸ್ವಲ್ಪ ಮನಸ್ಸಿಟ್ಟು ಓದಬೇಕು.

ನಿಮ್ಮ ಊರಿನಲ್ಲಿ ಅರವತ್ತು ದಾಟಿದ ಹಿರಿಯರು ಯಾರಾದರೂ ಇದ್ದರೆ ಅವರನ್ನು ಒಂದು ಮಾತು ಕೇಳಿ ನೋಡ್ರಿ. "ಯಜ್ಜಾ, ನೀವು ಸಣ್ಣವರಿದ್ದಾಗ ದನ ಸತ್ತರ ಏನು ಮಾಡತಿದ್ರಿ?" ಅವರು ಹೇಳುವ ಉತ್ತರ ಹೆಚ್ಚುಕಡಿಮೆ ಹೀಗಿರುತ್ತದೆ: "ಊರ ಹೊರಗ ಹಳ್ಳದ ದಂಡಿಗೆ ಎಳಕೊಂಡು ಹೋಗಿ ಒಗೀತಿದ್ದರಪ್ಪಾ. ಚರ್ಮ ಬಿಚ್ಚಿಕೊಂಡು ಹೋದ ಮ್ಯಾಲ ಹದ್ದು ಇಳೀತಿದ್ದವು. ಹೊತ್ತು ಮುಳುಗೂದರಾಗ ಬರೇ ಎಲುಬು." ಆಮೇಲೆ ಇನ್ನೊಂದು ಮಾತು ಕೇಳ್ರಿ. "ಆ ಹದ್ದು ಈಗ ಎಲ್ಲಿ ಹೋದವು?" ಇದಕ್ಕೆ ಬಹಳ ಮಂದಿಯ ಹತ್ತಿರ ಉತ್ತರ ಇರುವುದಿಲ್ಲ. ಇದ್ದಕ್ಕಿದ್ದಂತೆ ಕಾಣದಾದವು ಎನ್ನುತ್ತಾರೆ. ಆ ಉತ್ತರವನ್ನು ಹುಡುಕುವುದೇ ಈ ಲೇಖನದ ಕೆಲಸ.

ಮೊದಲು ಈ ಹಕ್ಕಿಯ ಕಸಬು ಎಂಥದು ಎಂಬುದನ್ನು ತಿಳಿಯೋಣ. ಕೋಳಿಮರಿ ಎತ್ತಿಕೊಂಡು ಹೋಗುವ ಗಿಡುಗ, ಹದ್ದುಗಳ ಜಾತಿ ಬೇರೆ. ರಣಹದ್ದು ಜೀವ ಇರುವುದನ್ನು ಕೊಂದು ತಿನ್ನುವ ಹಕ್ಕಿಯಲ್ಲ. ಸತ್ತದ್ದೇ ಅದರ ಆಹಾರ. ಆಕಾಶದಲ್ಲಿ ಬಹಳ ಎತ್ತರಕ್ಕೆ ಏರಿ, ರೆಕ್ಕೆ ಬಡಿಯದೆ ತೇಲುತ್ತ, ಕಣ್ಣಿನಿಂದಲೇ ಹೆಣವನ್ನು ಗುರುತಿಸುತ್ತದೆ. ಒಂದು ಇಳಿದದ್ದನ್ನು ಕಂಡು ಮತ್ತೊಂದು, ಅದನ್ನು ಕಂಡು ಮಗುದೊಂದು, ಹೀಗೆ ಹತ್ತಾರು ಹರದಾರಿಯಿಂದ ಕೂಡುತ್ತವೆ. ದೊಡ್ಡ ಗುಂಪು ಇಳಿದರೆ ಒಂದು ದನದ ಮಾಂಸ ಒಂದು ತಾಸಿನ ಆಚೆಈಚೆ ಮುಗಿಯುತ್ತದೆ. ಅದರ ಹೊಟ್ಟೆಯಲ್ಲಿನ ಆಮ್ಲ ಎಷ್ಟು ತೀಕ್ಷ್ಣವೆಂದರೆ, ಕೊಳೆತ ಮಾಂಸದಲ್ಲಿರುವ ಅನೇಕ ರೋಗಾಣುಗಳು ಅಲ್ಲಿಯೇ ಸುಟ್ಟುಹೋಗುತ್ತವೆ. ಸಂಬಳ ಕೇಳದೆ, ಗಾಡಿ ಎತ್ತು ಕೇಳದೆ, ಊರನ್ನು ಸ್ವಚ್ಛ ಇಟ್ಟ ಕೆಲಸಗಾರ ಅದು.

ಇಲ್ಲಿ ಒಂದು ಮಾತು ಹೇಳದೆ ಹೋದರೆ ಚರಿತ್ರೆ ಪೂರ್ತಿಯಾಗುವುದಿಲ್ಲ. ಸತ್ತ ದನವನ್ನು ಎಳೆಯುವ, ಚರ್ಮ ಸುಲಿಯುವ ಕೆಲಸವನ್ನು ಊರು ಕೆಲವರ ಮೇಲೆ ಜಾತಿಯ ಹೆಸರಿನಿಂದ ಹೊರಿಸಿತ್ತು. ಅವರು ಸುಲಿದ ಚರ್ಮದಿಂದ ನಮ್ಮ ಕಾಲಿಗೆ ಕೆರವು, ಬಾವಿಯ ಕಪಿಲೆಗೆ ಚರ್ಮದ ಚೀಲ ಆಯಿತು. ಉಳಿದ ಎಲುಬು ಗೊಬ್ಬರಕ್ಕೆ ಮಾರಾಟವಾಯಿತು. ಆ ಮಂದಿಯ ದುಡಿಮೆಯನ್ನೂ ಊರು ಲೆಕ್ಕಕ್ಕೆ ಹಿಡಿಯಲಿಲ್ಲ, ಹದ್ದಿನ ದುಡಿಮೆಯನ್ನೂ ಹಿಡಿಯಲಿಲ್ಲ. ಹೊಲಸು ಎಂದು ದೂರ ಇಟ್ಟಿತು. ಅವರಲ್ಲಿ ಅನೇಕರು ಆ ಕೆಲಸ ಬಿಟ್ಟು ಹೊರಬಂದದ್ದು ನ್ಯಾಯವೇ ಆಯಿತು. ಹದ್ದು ಮಾತ್ರ ಬಿಟ್ಟು ಹೋದದ್ದಲ್ಲ. ಅದು ಸತ್ತುಹೋಯಿತು.

ನಮ್ಮ ಹಿಂದಿನವರಿಗೆ ಈ ಹಕ್ಕಿಯ ಬೆಲೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಕೆರೂರಿನಿಂದ ಪಟ್ಟದಕಲ್ಲು ದೂರವೇನಲ್ಲ. ಅಲ್ಲಿಯ ವಿರೂಪಾಕ್ಷ ಗುಡಿಯನ್ನು ರಾಣಿ ಲೋಕಮಹಾದೇವಿಯು ಎಂಟನೆಯ ಶತಮಾನದ ನಡುವಿನ ಹೊತ್ತಿಗೆ, ತನ್ನ ಪತಿ ಎರಡನೆಯ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದ ನೆನಪಿಗೆ ಕಟ್ಟಿಸಿದಳು. ಆ ಗುಡಿಯ ಶಿಲ್ಪಗಳಲ್ಲಿ ಸೀತೆಯನ್ನು ಒಯ್ಯುತ್ತಿರುವ ರಾವಣನ ಮೇಲೆ ಎರಗಿದ ಜಟಾಯು ಇದ್ದಾನೆ. ಅನ್ಯಾಯ ಕಂಡು ಪ್ರಾಣ ಕೊಟ್ಟ ಹದ್ದಿಗೆ ನಮ್ಮ ಶಿಲ್ಪಿಗಳು ದೇವರ ಗುಡಿಯಲ್ಲಿ ಜಾಗ ಕೊಟ್ಟರು. ಜಾತ್ರೆಗೆ ಹೋದಾಗ ಒಮ್ಮೆ ನಿಂತು ನೋಡಿ ಬನ್ನಿ.

ಇನ್ನು ನಾಶದ ಸಂಗತಿಗೆ ಬರೋಣ. 1980ರ ಸುಮಾರಿಗೆ ಭಾರತದಲ್ಲಿ ರಣಹದ್ದು ಲೆಕ್ಕವಿಲ್ಲದಷ್ಟು ಇದ್ದವು; ಕೋಟಿಗಳಲ್ಲಿ ಎಣಿಸಬೇಕಾದಷ್ಟು ಎಂದು ತಿಳಿದವರು ಅಂದಾಜು ಮಾಡುತ್ತಾರೆ. ರಾಜಸ್ಥಾನದ ಭರತಪುರದ ಕೇವಲಾದೇವ ಪಕ್ಷಿಧಾಮದಲ್ಲಿ ಮುಂಬಯಿ ನ್ಯಾಚುರಲ್ ಹಿಸ್ಟರಿ ಸೊಸಾಯಿಟಿಯ ವಿಭು ಪ್ರಕಾಶ ಎಂಬವರು ಹಕ್ಕಿಗಳ ಗೂಡುಗಳನ್ನು ಎಣಿಸುತ್ತಿದ್ದರು. 1987-88ರಲ್ಲಿ ಬಿಳಿಬೆನ್ನಿನ ರಣಹದ್ದಿನ 353 ಜೋಡಿಗಳು ಅಲ್ಲಿ ಗೂಡು ಕಟ್ಟಿದ್ದವು. 1996ರ ಸುಮಾರಿಗೆ ಅರ್ಧಕ್ಕಿಂತ ಕಡಿಮೆ ಆದವು. ಮುಂದೆ ಕೆಲವೇ ವರ್ಷಗಳಲ್ಲಿ ಗೂಡುಗಳು ಬರಿದಾದವು. ಕತ್ತು ಜೋಲಿಬಿಟ್ಟು ದಿನಗಟ್ಟಲೆ ಕೂತ ಹಕ್ಕಿಗಳು ಮರದಿಂದ ಉದುರಿ ಬೀಳುತ್ತಿದ್ದವು. ದೇಶದ ತುಂಬ ಎಣಿಕೆ ಮಾಡಿದಾಗ, 1992ರಿಂದ 2007ರ ಒಳಗೆ ಬಿಳಿಬೆನ್ನಿನ ರಣಹದ್ದು ನೂರಕ್ಕೆ 99.9ರಷ್ಟು ಕಡಿಮೆಯಾಗಿತ್ತು. ಅಂದ್ರ ಸಾವಿರ ಇದ್ದಲ್ಲಿ ಒಂದು ಉಳಿಯಿತು. ಉದ್ದಕೊಕ್ಕಿನ ಮತ್ತು ತೆಳುಕೊಕ್ಕಿನ ರಣಹದ್ದುಗಳು ಸೇರಿ ನೂರಕ್ಕೆ 96ಕ್ಕೂ ಹೆಚ್ಚು ಹೋದವು. ಬರಗಾಲದಲ್ಲಿಯೂ, ಪ್ಲೇಗು ಬೇನೆಯಲ್ಲಿಯೂ ಇಷ್ಟು ಬೇಗ, ಇಷ್ಟು ದೊಡ್ಡ ಸೀಮೆಯಲ್ಲಿ ಒಂದು ಜೀವಜಾತಿ ಅಳಿದದ್ದು ಅಪರೂಪ.

ಯಾಕೆ ಸತ್ತವು? ಮೊದಲು ಯಾವುದೋ ಸಾಂಕ್ರಾಮಿಕ ರೋಗ ಎಂದು ಸಂಶಯ ಬಂತು. ಬೆಳೆಗೆ ಹೊಡೆಯುವ ಕೀಟನಾಶಕ ಇರಬಹುದೇ ಎಂದೂ ನೋಡಿದರು. ಉತ್ತರ ಸಿಕ್ಕಿದ್ದು ನೆರೆಯ ಪಾಕಿಸ್ತಾನದಲ್ಲಿ. ಅಲ್ಲಿಯ ಪಂಜಾಬದಲ್ಲಿ ಲಿಂಡ್ಸೆ ಓಕ್ಸ್ ಎಂಬ ಅಮೇರಿಕದ ಪಶುವೈದ್ಯ ವಿಜ್ಞಾನಿಯೂ ಅವರ ಜೊತೆಗಾರರೂ ಸತ್ತ ಹದ್ದುಗಳನ್ನು ಸೀಳಿ ನೋಡಿದರು. ಬಹಳಷ್ಟು ಹಕ್ಕಿಗಳ ಕರುಳು, ಗುಂಡಿಗೆ, ಪಿತ್ತಕೋಶದ ಮೇಲೆ ಸುಣ್ಣ ಬಳಿದಂತೆ ಬಿಳಿಯ ಪುಡಿ. ಮೂತ್ರಪಿಂಡ ಕೆಟ್ಟು, ಹೊರಗೆ ಹೋಗಬೇಕಾದ ಉಪ್ಪು ಮೈಯೊಳಗೇ ನಿಂತುಬಿಟ್ಟಿತ್ತು. ರೋಗಾಣು ಹುಡುಕಿದರು, ಸಿಗಲಿಲ್ಲ. ಕೀಟನಾಶಕ, ಸೀಸ, ಪಾದರಸ ನೋಡಿದರು, ಕಾರಣ ಅಲ್ಲಿರಲಿಲ್ಲ. ಕಡೆಗೆ ಅವರು ಸರಳವಾದ ಪ್ರಶ್ನೆ ಕೇಳಿಕೊಂಡರು: ಈ ಹಕ್ಕಿ ತಿನ್ನುವುದು ಸತ್ತ ದನವನ್ನು, ಹಾಗಾದರೆ ಆ ದನಕ್ಕೆ ಸಾಯುವ ಮೊದಲು ಏನು ಕೊಟ್ಟಿದ್ದರು?

ಔಷಧದ ಅಂಗಡಿಗಳಲ್ಲಿ, ಪಶುವೈದ್ಯರಲ್ಲಿ ವಿಚಾರಿಸಿದಾಗ ಒಂದು ಹೆಸರು ಹೊರಬಿತ್ತು. ಅದು ಡೈಕ್ಲೊಫೆನಾಕ್. ಮೂತ್ರಪಿಂಡ ಕೆಟ್ಟು ಸತ್ತ 25 ಹದ್ದುಗಳನ್ನು ಪರೀಕ್ಷಿಸಿದರು. 25ರಲ್ಲಿಯೂ ಆ ಔಷಧ ಇತ್ತು. ಬೇರೆ ಕಾರಣದಿಂದ ಸತ್ತ 13 ಹದ್ದುಗಳನ್ನು ಪರೀಕ್ಷಿಸಿದರು; ಒಂದರಲ್ಲಿಯೂ ಇರಲಿಲ್ಲ. ಔಷಧ ಕೊಟ್ಟ ಪ್ರಾಣಿಗಳ ಮಾಂಸ ತಿನ್ನಿಸಿ ನೋಡಿದಾಗಲೂ ಹಕ್ಕಿಗಳು ಅದೇ ರೀತಿ ಸತ್ತವು. 2004ರಲ್ಲಿ ಈ ಸಂಗತಿ ಜಗತ್ತಿಗೆ ಪ್ರಕಟವಾಯಿತು.

ಡೈಕ್ಲೊಫೆನಾಕ್ ಎಂದರೆ ನೋವು, ಬಾವು, ಜ್ವರ ಇಳಿಸುವ ಔಷಧ. 1970ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಸಿಬಾ-ಗೈಗಿ ಕಂಪನಿ ಅದನ್ನು ಮನುಷ್ಯರಿಗಾಗಿ ಹೊರತಂದಿತು. ಸಂದುನೋವಿಗೆ ಇಂದಿಗೂ ಮನುಷ್ಯರು ಅದನ್ನು ತೆಗೆದುಕೊಳ್ಳುತ್ತಾರೆ. 1990ರ ದಶಕದ ಮೊದಲ ಭಾಗದಲ್ಲಿ ನಮ್ಮ ದೇಶದಲ್ಲಿ ಅದು ಅಗ್ಗವಾಗಿ, ದನದ ಔಷಧವಾಗಿ ಹಳ್ಳಿಗೆ ಬಂತು. ರೈತ ಅದನ್ನು ಕೊಂಡದ್ದರಲ್ಲಿ ತಪ್ಪೇನಿದೆ? ಹಿಂಗಾರಿ ಬಿತ್ತಿಗೆಗೆ ಹೊಲ ಹದಕ್ಕೆ ಬಂದಿರುತ್ತದೆ. ಎರಿ ಹೊಲದ ಹದ ಒಬ್ಬರ ಸಲುವಾಗಿ ನಿಲ್ಲುವುದಿಲ್ಲ. ಅದೇ ಹೊತ್ತಿಗೆ ಖಿಲಾರಿ ಜೋಡಿಯಲ್ಲಿ ಒಂದು ಎತ್ತು ಕಾಲು ಊರದೆ ನಿಂತರೆ ಮನೆಯವರೆಲ್ಲರ ಎದೆ ಒಡೆಯುತ್ತದೆ. ಒಂದು ಸೂಜಿ ಹಾಕಿಸಿದರೆ ನಾಳೆ ಎತ್ತು ಎದ್ದು ನಿಲ್ಲುತ್ತದೆ ಎಂದರೆ ಯಾರು ಬೇಡ ಅಂದಾರು? ಎತ್ತಿಗೆ ಅದರಿಂದ ಕೇಡಾಗಲಿಲ್ಲ. ಹಾಲು ಕುಡಿದವರಿಗೂ ತಟ್ಟನೆ ಏನೂ ಆಗಲಿಲ್ಲ. ಆದುದರಿಂದ ಸಂಶಯ ಪಡುವ ಕಾರಣವೇ ಇರಲಿಲ್ಲ.

ಕೇಡು ಇದ್ದದ್ದು ಬೇರೆ ಕಡೆ. ಔಷಧ ಹಾಕಿಸಿಕೊಂಡ ಕೆಲವೇ ದಿನಗಳಲ್ಲಿ ದನ ಸತ್ತರೆ ಅದರ ಮಾಂಸದಲ್ಲಿ, ಮುಖ್ಯವಾಗಿ ಈಲಿ ಮತ್ತು ಮೂತ್ರಪಿಂಡದಲ್ಲಿ, ಔಷಧ ಉಳಿದಿರುತ್ತದೆ. ಬಿಳಿಬೆನ್ನಿನ ರಣಹದ್ದನ್ನು ಕೊಲ್ಲಲು ಅದರ ಒಂದು ಕಿಲೋ ತೂಕಕ್ಕೆ ಒಂದು ಮಿಲಿಗ್ರಾಮಿನ ಕಾಲು ಭಾಗ ಸಾಕು. ಎತ್ತಿಗೆ ಒಂದು ಸರ್ತಿ ಕೊಡುವ ಮದ್ದು ನೂರಾರು ಮಿಲಿಗ್ರಾಂ. ಲೆಕ್ಕ ನೀವೇ ಹಾಕಿರಿ. ತಿಂದ ಹಕ್ಕಿ ಒಂದೆರಡು ದಿನದಲ್ಲಿ ಸಾಯುತ್ತದೆ.

"ಸತ್ತ ದನಗಳೆಲ್ಲಕ್ಕೂ ಈ ಮದ್ದು ಹಾಕಿಸಿದ್ದರೇನು?" ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಹಾಗೆ ಹಾಕಿಸಿರಲಿಲ್ಲ, ಹಾಕಿಸಬೇಕಾಗಿಯೂ ಇರಲಿಲ್ಲ. ಸಾವಿರ ಹೆಣಗಳಲ್ಲಿ ಒಂದರಿಂದ ಎಂಟರಷ್ಟು ವಿಷಯುಕ್ತವಾಗಿದ್ದರೂ ಹದ್ದಿನ ಸಂತತಿ ಇದೇ ವೇಗದಿಂದ ನಾಶವಾಗುತ್ತದೆ ಎಂದು ವಿಜ್ಞಾನಿಗಳು ಲೆಕ್ಕ ಹಾಕಿ ತೋರಿಸಿದರು. 2004-05ರಲ್ಲಿ ಭಾರತದ ಹೆಣಗಳನ್ನು ಪರೀಕ್ಷಿಸಿದಾಗ ನೂರಕ್ಕೆ ಹತ್ತರಲ್ಲಿ ಆ ಔಷಧ ಸಿಕ್ಕಿತು. ಒಂದೇ ಹೆಣಕ್ಕೆ ಹತ್ತಾರು ಹದ್ದು ಇಳಿಯುತ್ತವೆ. ಒಂದು ಹದ್ದು ವರ್ಷಕ್ಕೆ ಇಡುವುದು ಒಂದೇ ತತ್ತಿ. ಮರಿ ದೊಡ್ಡದಾಗಿ ತಾನು ಗೂಡು ಕಟ್ಟಲು ಐದು ವರ್ಷ ಬೇಕು. ಕೋಳಿಯ ಹಾಗೆ ತುಂಬಿಕೊಳ್ಳುವ ಸಂತತಿ ಅದಲ್ಲ. ಹೀಗಾಗಿ, ಇಡೀ ಊರಿನಲ್ಲಿ ಒಬ್ಬ ರೈತ ಒಂದು ಸರ್ತಿ ಮಾಡಿದ್ದು ಸುತ್ತಲಿನ ಹತ್ತು ಹಳ್ಳಿಗಳ ಹದ್ದುಗಳಿಗೆ ಮೃತ್ಯುವಾಯಿತು.

ಔಷಧದಿಂದ ನೆಲ ನೀರು ಕೆಡುತ್ತದೆ ಎಂದರೆ ನಮಗೆ ಕಾರಖಾನೆಯ ಕೊಳವೆ ನೆನಪಾಗುತ್ತದೆ. ಅದೂ ಉಂಟು. ಹೈದರಾಬಾದಿನ ಹತ್ತಿರದ ಪಟಾನ್‌ಚೆರುವಿನಲ್ಲಿ ಔಷಧ ಕಾರಖಾನೆಗಳ ಹೊಲಸು ನೀರನ್ನು ಶುದ್ಧ ಮಾಡಿ ಬಿಡುವ ಕಡೆಯಲ್ಲಿಯೇ, ರೋಗಾಣು ಕೊಲ್ಲುವ ಸಿಪ್ರೊಫ್ಲಾಕ್ಸಾಸಿನ್ ಎಂಬ ಔಷಧ ಒಂದು ಲೀಟರಿಗೆ 31 ಮಿಲಿಗ್ರಾಮಿನವರೆಗೆ ಇತ್ತೆಂದು 2007ರಲ್ಲಿ ಸ್ವೀಡನ್ನಿನ ಸಂಶೋಧಕರು ಪ್ರಕಟಿಸಿದರು. ಅಂಥಲ್ಲಿ ತಪ್ಪಿತಸ್ಥನನ್ನು ಬೆರಳಿಟ್ಟು ತೋರಿಸಬಹುದು, ಕೊಳವೆಗೆ ಬೀಗ ಹಾಕಬಹುದು. ಹದ್ದಿನ ಸಂಗತಿಯಲ್ಲಿ ಕೊಳವೆಯೇ ಇಲ್ಲ. ಲಕ್ಷಾಂತರ ಕೊಟ್ಟಿಗೆಗಳಲ್ಲಿ, ಒಳ್ಳೆಯ ಮನಸ್ಸಿನಿಂದ, ಒಂದೊಂದು ಸೂಜಿಯಾಗಿ ಈ ವಿಷ ಹೊರಗೆ ಬಂತು. ಅದಕ್ಕೆ ಬೀಗ ಹಾಕಬೇಕಾದವರು ನಾವು ನೀವೇ.

ಹದ್ದು ಹೋದದ್ದರಿಂದ ನಮಗೇನಾಯಿತು? ಹೆಣ ಅಲ್ಲಿಯೇ ಕೊಳೆಯಿತು. ಕೊಳೆತದ್ದು ಮಳೆಯಲ್ಲಿ ಹಳ್ಳಕ್ಕೆ ಇಳಿಯಿತು. ಹದ್ದಿನ ಊಟ ನಾಯಿಗೆ ಸಿಕ್ಕು ಬೀದಿನಾಯಿಗಳು ಹೆಚ್ಚಿದವು. ಅವುಗಳ ಜೊತೆಗೆ ಹುಚ್ಚುನಾಯಿ ರೋಗದ ಭಯವೂ ಹೆಚ್ಚಿತು. ಮುಂಬಯಿಯ ಪಾರಸಿ ಬಂಧುಗಳು ತಮ್ಮ ಮೃತರನ್ನು ಹದ್ದುಗಳಿಗೆ ಒಪ್ಪಿಸುವ ಹಳೆಯ ಸಂಪ್ರದಾಯಕ್ಕೆ ಹದ್ದೇ ಇಲ್ಲದೆ, ಬಿಸಿಲನ್ನು ಒಂದೆಡೆ ಕೂಡಿಸುವ ಕನ್ನಡಿಗಳ ಮೊರೆ ಹೋದರು. 2024ರಲ್ಲಿ ಅನಂತ ಸುದರ್ಶನ ಮತ್ತು ಇಯಾಲ್ ಫ್ರಾಂಕ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಇದರ ಲೆಕ್ಕ ತೆಗೆದರು. ಹಿಂದೆ ಹದ್ದು ಹೆಚ್ಚಿದ್ದ ಜಿಲ್ಲೆಗಳನ್ನೂ ಕಡಿಮೆ ಇದ್ದ ಜಿಲ್ಲೆಗಳನ್ನೂ ಹೋಲಿಸಿ, 2000ದಿಂದ 2005ರ ಒಳಗೆ ಹದ್ದಿನ ನಾಶದ ಕಾರಣದಿಂದ ಸುಮಾರು 5 ಲಕ್ಷ ಜನ ಹೆಚ್ಚಾಗಿ ಸತ್ತರೆಂದು ಅವರ ಅಂದಾಜು. ಹತ್ತಿಪ್ಪತ್ತು ರೂಪಾಯಿಯ ಅಗ್ಗದ ಮದ್ದು ಎಂದು ತಿಳಿದದ್ದಕ್ಕೆ ದೇಶ ಕೊಟ್ಟ ಬೆಲೆ ಇದು. ಸಂತೆಯಲ್ಲಿ ಕೊಟ್ಟ ಹಣವೇ ಪದಾರ್ಥದ ಪೂರ್ತಿ ಬೆಲೆಯಾಗಿರುವುದಿಲ್ಲ ಎಂಬ ಮಾತನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಉದಾಹರಣೆ ಸಿಗಲಾರದು.

ಸರಕಾರ ಸುಮ್ಮನೆ ಕೂಡಲಿಲ್ಲ. 2006ರಲ್ಲಿ ದನಗಳಿಗಾಗಿ ಡೈಕ್ಲೊಫೆನಾಕ್ ತಯಾರಿಸುವುದನ್ನು ನಿಲ್ಲಿಸಲು ಆಜ್ಞೆಯಾಯಿತು. ನೇಪಾಳ, ಪಾಕಿಸ್ತಾನಗಳೂ ಅದೇ ಹಾದಿ ಹಿಡಿದವು. 2008ರಲ್ಲಿ ಕಾನೂನು ಇನ್ನೂ ಬಿಗಿಯಾಯಿತು. ಆದರೆ ಮನುಷ್ಯರಿಗಾಗಿ ತಯಾರಾದ ದೊಡ್ಡ ಬಾಟಲಿಗಳು ಕಳ್ಳ ಹಾದಿಯಿಂದ ಕೊಟ್ಟಿಗೆಗೆ ಬರುತ್ತಲೇ ಇದ್ದವು. ಅದಕ್ಕಾಗಿ 2015ರಲ್ಲಿ ಮನುಷ್ಯರ ಚುಚ್ಚುಮದ್ದನ್ನು 3 ಮಿಲಿಲೀಟರಿನ ಒಂದೇ ಸರ್ತಿಯ ಸಣ್ಣ ಶೀಸೆಯಲ್ಲಿ ಮಾತ್ರ ಮಾರಬೇಕೆಂದು ನಿಯಮವಾಯಿತು. ಅಷ್ಟರಲ್ಲಿ ಅದರ ಅಣ್ಣತಮ್ಮಂದಿರಂಥ ಬೇರೆ ಔಷಧಗಳು ಬಂದಿದ್ದವು. ಅಸಿಕ್ಲೊಫೆನಾಕ್ ಎಂಬುದು ದನದ ಮೈಯೊಳಗೆ ಹೋಗಿ ಡೈಕ್ಲೊಫೆನಾಕೇ ಆಗಿಬಿಡುತ್ತದೆ. ಕೀಟೊಪ್ರೊಫೆನ್ ಕೂಡ ಹದ್ದಿಗೆ ವಿಷ. ಈ ಎರಡನ್ನೂ ಜಾನುವಾರುಗಳಿಗೆ ಬಳಸಬಾರದೆಂದು 2023ರಲ್ಲಿ ನಿಷೇಧಿಸಲಾಯಿತು. ನಿಮೆಸುಲೈಡ್ ಎಂಬ ಔಷಧಕ್ಕೂ ಆಮೇಲೆ ಅದೇ ಗತಿಯಾಯಿತು.

ಉಳಿದ ಹದ್ದುಗಳು ಎಲ್ಲಿವೆ? ನಮ್ಮ ರಾಜ್ಯದಲ್ಲಿ ರಾಮನಗರದ ರಾಮದೇವರ ಬೆಟ್ಟದ ಬಂಡೆಗಳಲ್ಲಿ ಉದ್ದಕೊಕ್ಕಿನ ರಣಹದ್ದು ಗೂಡು ಕಟ್ಟುತ್ತಿದ್ದುದರಿಂದ 2012ರಲ್ಲಿ ಅದನ್ನು ರಣಹದ್ದಿನ ಧಾಮವೆಂದು ಸಾರಿದರು. ಈ ಹಕ್ಕಿಗಾಗಿ ದೇಶದಲ್ಲಿ ಆದ ಮೊದಲ ಧಾಮ ಅದು. ಬಂಡೀಪುರ, ನಾಗರಹೊಳೆಯ ಕಾಡುಗಳಲ್ಲಿಯೂ ಕೆಲವು ಉಳಿದಿವೆ; ಅಲ್ಲಿ ಅವುಗಳಿಗೆ ಮದ್ದು ಕಾಣದ ಕಾಡುಪ್ರಾಣಿಗಳ ಹೆಣ ಸಿಗುತ್ತದೆ. ಹರಿಯಾಣದ ಪಿಂಜೋರಿನಲ್ಲಿ ಹದ್ದುಗಳನ್ನು ಸಾಕಿ ಮರಿ ಮಾಡಿಸುವ ಕೇಂದ್ರವಿದೆ. ಅದಕ್ಕೆ ಇಟ್ಟ ಹೆಸರು ಜಟಾಯು. ನಿಷೇಧದ ಬಳಿಕ ನಾಶದ ವೇಗ ತಗ್ಗಿದ್ದು ನಿಜ. ಆದರೆ ಬಯಲುಸೀಮೆಯ ಆಕಾಶ ಮತ್ತೆ ತುಂಬಬೇಕಾದರೆ ಧಾಮ, ಕೇಂದ್ರಗಳಿಂದಷ್ಟೇ ಆಗದು. ಬಿಟ್ಟ ಹಕ್ಕಿ ಇಳಿಯುವುದು ರೈತನ ಹೊಲದ ದಂಡಿಗೆ. ಅಲ್ಲಿಯ ಹೆಣ ನಿರ್ವಿಷವಾಗಿರಬೇಕು.

ಹಾಗಾದರೆ ನಾವು ಮಾಡುವುದೇನು? ಕೆಲಸ ಬಹಳ ಇಲ್ಲ, ನೆನಪು ಬೇಕು.

ಮೊದಲನೆಯದು, ಎತ್ತು ಕುಂಟಿದರೆ, ಆಕಳ ಕೆಚ್ಚಲು ಬಾತರೆ, ಅಂಗಡಿಯವನು ಕೊಟ್ಟ ಶೀಸೆ ತಂದು ನೀವೇ ಸೂಜಿ ಹಾಕಬೇಡಿರಿ. ಪಶುವೈದ್ಯರನ್ನು ಕರೆಯಿರಿ. ಅವರನ್ನು ಕೇಳಲು ಸಂಕೋಚ ಬೇಡ: "ಸಾಹೇಬ್ರ, ಇದು ಹದ್ದಿಗೆ ಕೇಡು ಮಾಡೂ ಮದ್ದು ಅಲ್ಲಲ್ರೀ?" ಎಂದು ಕೇಳ್ರಿ. ಮೆಲಾಕ್ಸಿಕಾಂ ಎಂಬ ಔಷಧ ನೋವು ಬಾವುಗಳಿಗೆ ಬರುತ್ತದೆ, ಹದ್ದಿಗೆ ಅಪಾಯ ಮಾಡುವುದಿಲ್ಲ ಎಂದು 2006ರಲ್ಲಿಯೇ ಪರೀಕ್ಷೆಯಿಂದ ತಿಳಿದಿದೆ. ಟಾಲ್ಫೆನಾಮಿಕ್ ಆಮ್ಲವೂ ಹಾಗೆಯೇ. ಕುರಿಗಾರರಿಗೂ ಇದೇ ಮಾತು. ಕುರಿಯ ಹೆಣವೂ ಹದ್ದಿನ ಊಟವೇ.

ಎರಡನೆಯದು, ಯಾವ ದನಕ್ಕೆ ಯಾವ ದಿನ ಏನು ಮದ್ದು ಕೊಟ್ಟಿರಿ ಎಂಬುದನ್ನು ಒಂದು ವಹಿಯಲ್ಲಿ ಬರೆದಿಡಿರಿ. ಮದ್ದು ಕೊಟ್ಟ ಹತ್ತು ಹದಿನೈದು ದಿನದೊಳಗೆ ದನ ಸತ್ತರೆ ಅದನ್ನು ಬಯಲಿಗೆ ಒಗೆಯಬೇಡಿರಿ. ಬಾವಿ, ಹಳ್ಳಗಳಿಂದ ದೂರ, ಆಳು ಮುಳುಗುವಷ್ಟು ಕುಣಿ ತೋಡಿ, ಸುಣ್ಣ ಹಾಕಿ ಹುಗಿಯಿರಿ. ದನ ತಟ್ಟನೆ ಸತ್ತು, ಮೂಗು ಬಾಯಿಗಳಿಂದ ಕಪ್ಪು ರಕ್ತ ಸುರಿದಿದ್ದರೆ ಅದು ನೆರಡಿ ರೋಗ ಇರಬಹುದು. ಅಂಥದನ್ನು ಯಾರೂ ಮುಟ್ಟಬಾರದು, ಚರ್ಮ ಬಿಚ್ಚಬಾರದು. ಮೊದಲು ಪಶು ಆಸ್ಪತ್ರೆಗೆ ತಿಳಿಸಿರಿ.

ಮೂರನೆಯದು, ಉಳಿದ ಔಷಧವನ್ನು ಹಳ್ಳಕ್ಕೆ, ತಿಪ್ಪೆಗೆ ಸುರಿಯಬೇಡಿರಿ. ತಿಪ್ಪೆಗೆ ಬಿದ್ದದ್ದು ನಾಳೆ ಹೊಲಕ್ಕೆ ಹೋಗುತ್ತದೆ.

ನಾಲ್ಕನೆಯದು, ನಾಯಿ ಕಚ್ಚಿದರೆ ಗಾಯವನ್ನು ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ ಕಾಲು ತಾಸು ತೊಳೆದು, ಅದೇ ದಿನ ದವಾಖಾನೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಿರಿ. ಅರಿಸಿನ, ಸುಣ್ಣ ಮೆತ್ತಿ ಕೂಡಬೇಡಿರಿ. ಹುಚ್ಚುನಾಯಿ ರೋಗ ಒಮ್ಮೆ ತಲೆಗೇರಿದ ಮೇಲೆ ಉಳಿಯುವವರು ಇಲ್ಲವೆಂದೇ ತಿಳಿಯಿರಿ.

ಕಾರಹುಣ್ಣಿಮೆಗೆ ನಾವು ಎತ್ತಿನ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಹೋಳಿಗೆ ತಿನ್ನಿಸುತ್ತೇವೆ. ದುಡಿದ ಜೀವಕ್ಕೆ ಉಪಕಾರ ನೆನೆಯುವ ಪದ್ಧತಿ ಅದು. ಆ ಎತ್ತು ಸತ್ತ ಮೇಲೆಯೂ ನಮ್ಮ ಹೊಣೆ ಮುಗಿಯುವುದಿಲ್ಲ ಎಂಬುದನ್ನು ಈ ಹದ್ದಿನ ಚರಿತ್ರೆ ಕಲಿಸುತ್ತದೆ. ಮುಂದಿನ ಸರ್ತಿ ಔಷಧದ ಶೀಸೆ ಕೈಗೆ ಬಂದಾಗ ಅದರ ಮೇಲಿನ ಹೆಸರನ್ನು ಓದಿಸಿಕೊಳ್ಳಿರಿ. ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್, ಕೀಟೊಪ್ರೊಫೆನ್, ನಿಮೆಸುಲೈಡ್ ಎಂದಿದ್ದರೆ ದನಕ್ಕೆ ಬೇಡವೆಂದು ಹೇಳಿ ತಿರುಗಿ ಕೊಡಿರಿ. ಓದು ಬಲ್ಲವರು ಈ ನಾಲ್ಕು ಹೆಸರುಗಳನ್ನು ಓದು ಬಾರದ ನೆರೆಯವರಿಗೆ ಹೇಳಿಕೊಡಿರಿ.